ಹಳೆ ಬೋಟು ಕೊಂಡು ರಿಪೇರಿ ಮಾಡಿಸುವುದು ಲಾಭವೋ, ಕೊರಳಿಗೆ ಉರುಳೋ?

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರದ ಬಂದರುಗಳಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ಲಂಗರು ಹಾಕುತ್ತವೆ. ಕೆಲವು ದಡ ಹತ್ತುತ್ತವೆ. ಮಾರುವವರಿಗೂ ಕೊಳ್ಳುವವರಿಗೂ ದಕ್ಕೆಯಲ್ಲಿ ಕೂತು ಮಾತಾಡಲು ಪುರುಸೊತ್ತು ಸಿಗುವುದು ಆಗಲೇ. ವರ್ಷಗಟ್ಟಲೆ ಬೇರೆಯವರ ಬೋಟಿನಲ್ಲಿ ಬಲೆ ಎಳೆಯುವ ಕಲಾಸಿಯಾಗಿ, ಆಮೇಲೆ ಬೋಟು ನಡೆಸುವ ತಾಂಡೇಲನಾಗಿ ದುಡಿದವನಿಗೆ ಸ್ವಂತ ಬೋಟು ಬೇಕೆನಿಸಿದಾಗ ಅವನ ಕೈಗೆ ಎಟಕುವುದು ಸಾಮಾನ್ಯವಾಗಿ ಒಂದೇ: ಇಪ್ಪತ್ತು ವರ್ಷ ಹಳೆಯ ಮರದ ಟ್ರಾಲ್ ಬೋಟು, ಅದರ ಹೊಟ್ಟೆಯಲ್ಲೊಂದು ದಣಿದ ಡೀಸೆಲ್ ಎಂಜಿನ್. ಬೆಲೆ ಕಡಿಮೆ, ಕೆಲಸ ಬಹಳ. ಕೊಳ್ಳಬಹುದೇ?

ಪರ: ಕೈಯಲ್ಲಿ ಕೆಲಸ ಇದ್ದವನಿಗೆ ಇದೇ ಮೊದಲ ಮೆಟ್ಟಿಲು

ಹೊಸ ಬೋಟಿನ ಸಾಲ ಮೊದಲ ತಿಂಗಳಿಂದಲೇ ಬಡ್ಡಿ ಕೇಳುತ್ತದೆ. ಬಲೆಗೆ ಮೀನು ಬೀಳಲಿ ಬಿಡಲಿ, ಬೋಟು ಲಂಗರು ಹಾಕಿ ನಿಂತ ಮಳೆಗಾಲದಲ್ಲೂ ಕಂತು ಕಟ್ಟಲೇಬೇಕು. ಗಾಳಿ ಕೆಟ್ಟಿದೆಯೆಂದು ಗೊತ್ತಿದ್ದೂ ಕಡಲಿಗೆ ಹೊರಡುವವರಲ್ಲಿ ಕಂತಿನ ಭಯಕ್ಕೆ ಹೊರಟವರೂ ಇರುತ್ತಾರೆ. ಕೈಯಲ್ಲಿದ್ದ ದುಡ್ಡಿನಿಂದ ಕೊಂಡ ಹಳೆ ಬೋಟು ಒಂದು ವಾರ ದಕ್ಕೆಯಲ್ಲೇ ನಿಂತರೂ ಯಾರೂ ಮನೆ ಬಾಗಿಲಿಗೆ ಬರುವುದಿಲ್ಲ. ಈ ನೆಮ್ಮದಿಗೂ ಒಂದು ಬೆಲೆ ಇದೆ. ಹಳೆ ಬೋಟಿನ ಲೆಕ್ಕ ಹಾಕುವವರು ಅದನ್ನು ಮರೆಯುತ್ತಾರೆ.

ಇನ್ನು ಎಂಜಿನ್. ನಮ್ಮ ಹಳೆ ಬೋಟುಗಳಲ್ಲಿ ಸಿಗುವ ಲೇಲ್ಯಾಂಡ್‌ನಂಥ ಎಂಜಿನ್‌ಗಳು ಲಾರಿ ಎಂಜಿನ್‌ಗಳ ಒಡಹುಟ್ಟುಗಳು. ಲೈನರ್, ಪಿಸ್ಟನ್, ರಿಂಗ್, ಬೇರಿಂಗ್, ನಾಝಲ್ ಯಾವುದಕ್ಕೂ ಪರದೇಶದ ದಾರಿ ಕಾಯಬೇಕಿಲ್ಲ. ಬಿಚ್ಚಿ ಜೋಡಿಸುವ ಕೈಗಳೂ ಇಲ್ಲೇ ಇವೆ. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಮಾಡಿಕೊಂಡ ಒಪ್ಪಂದದಿಂದ ಕೇರಳದ ನೀಂಡಕರಕ್ಕೆ ಇನ್‌ಬೋರ್ಡ್ ಎಂಜಿನ್ನಿನ ಚಿಕ್ಕ ಬೋಟುಗಳು ಬಂದವು. ಆ ಯೋಜನೆ ಮುಂದೆ ಕಾರವಾರಕ್ಕೂ ಚಾಚಿತು. ಅಲ್ಲಿಂದ ಇಲ್ಲಿಯವರೆಗೆ ಎರಡು ಮೂರು ತಲೆಮಾರು ಯಾವ ಶಾಲೆಗೂ ಹೋಗದೆ ದಕ್ಕೆಯಲ್ಲೇ ಮೆಕ್ಯಾನಿಕ್ ಆಗಿದೆ. ತೀರಾ ಹೊಸ, ಕಂಪ್ಯೂಟರ್ ನಿಯಂತ್ರಣದ ಎಂಜಿನ್ ನಡುಗಡಲಲ್ಲಿ ನಿಂತರೆ ತಾಂಡೇಲ ಕೈಕಟ್ಟಿ ಕೂರಬೇಕು. ಹಳೆಯದರಲ್ಲಿ ಡೀಸೆಲ್ ಪೈಪಿಗೆ ಗಾಳಿ ಹೊಕ್ಕಿದ್ದರೆ ಸ್ಪ್ಯಾನರ್ ಹಿಡಿದು ತಾನೇ ಬಿಡಿಸಿಕೊಂಡು ಬರುತ್ತಾನೆ.

ಹಳೆ ಎಂಜಿನ್‌ಗೆ ತನ್ನ ರೋಗ ಮುಚ್ಚಿಡಲು ಬರುವುದಿಲ್ಲ. ರಾತ್ರಿಯಿಡೀ ತಣ್ಣಗಿದ್ದುದನ್ನು ಬೆಳಿಗ್ಗೆ ಕಣ್ಣೆದುರೇ ಸ್ಟಾರ್ಟ್ ಮಾಡಿಸಿ ನೋಡಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಯಾಕೆಂದು ಕೇಳಬೇಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ರಿಂಗೋ ವಾಲ್ವ್ ಗೈಡೋ ಸವೆದಿದೆ. ಕಪ್ಪು ಹೊಗೆಯೆಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ನಾಝಲ್ ಕೆಟ್ಟಿರಬಹುದು, ಗಾಳಿ ಸಾಲದಿರಬಹುದು, ಇಲ್ಲವೇ ಎಂಜಿನ್ ಮೇಲೆ ತಾಳಲಾರದ ಭಾರ ಬಿದ್ದಿರಬಹುದು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಸಿಲಿಂಡರಿಗೆ ನೀರು ಇಳಿಯುತ್ತಿದೆಯೆಂಬ ಅನುಮಾನ ಬರಬೇಕು. ಡಿಪ್‌ಸ್ಟಿಕ್ಕಿನ ಆಯಿಲ್ ಬಿಳಿಚಿ ನೊರೆಗಟ್ಟಿದ್ದರೆ ಆ ಅನುಮಾನ ಗಟ್ಟಿಯಾಗುತ್ತದೆ. ಇವೆಲ್ಲಕ್ಕೂ ಮದ್ದಿದೆ, ಮದ್ದಿನ ಖರ್ಚನ್ನು ಮೊದಲೇ ಅಂದಾಜು ಮಾಡಿ ಬೆಲೆಯಲ್ಲಿ ಇಳಿಸಿಕೊಳ್ಳಬಹುದು.

ಬೋಟಿನ ಬಾಡಿ ನೋಡುವುದಕ್ಕೂ ಕ್ರಮವಿದೆ. ನೀರಿನಲ್ಲಿ ತೇಲುತ್ತಿರುವ ಬೋಟಿಗೆ ಮುಂಗಡ ಕೊಡಬಾರದು. ದಡಕ್ಕೆ ಎಳೆಸಿ, ಅಂಟಿದ ಚಿಪ್ಪು ಪಾಚಿ ಕೆರೆಸಿ, ಅನುಭವಿ ಆಚಾರಿಯ ಕೈಗೆ ಸುತ್ತಿಗೆ ಕೊಡಬೇಕು. ಗಟ್ಟಿ ಹಲಗೆಯ ಸದ್ದು ಖಣಿಲೆನ್ನುತ್ತದೆ, ಕೊಳೆತದ್ದು ಮಂಕಾಗಿ ಉತ್ತರಿಸುತ್ತದೆ. ಶಾಫ್ಟನ್ನು ಕೈಯಿಂದ ಮೇಲೆ ಕೆಳಗೆ ಅಲುಗಿಸಿದರೆ ಬೇರಿಂಗ್ ಎಷ್ಟು ಸವೆದಿದೆ ಎಂದು ತಿಳಿಯುತ್ತದೆ. ಎಂಜಿನ್ ಗೇರ್‌ಬಾಕ್ಸು ಮತ್ತು ಶಾಫ್ಟು ಕೂಡುವ ಫ್ಲಾಂಜ್‌ಗಳ ನಡುವಿನ ಅಂತರವನ್ನು ಫೀಲರ್ ಗೇಜ್‌ನಿಂದ ಸುತ್ತಲೂ ಅಳೆಯಬೇಕು. ಮಿಲಿಮೀಟರಿನ ಹತ್ತನೇ ಒಂದು ಪಾಲು ಹೆಚ್ಚುಕಮ್ಮಿಯಾದರೂ ನಡುಕ ಶುರುವಾಗಿ ಬೇರಿಂಗು, ಗ್ಲ್ಯಾಂಡ್ ಪ್ಯಾಕಿಂಗು ಬೇಗ ಹಾಳಾಗುತ್ತವೆ. ಬೋಟು ನೀರಿಗಿಳಿದ ಮೇಲೆ ಈ ಅಳತೆಯನ್ನು ಮತ್ತೆ ತೆಗೆಯಬೇಕು, ಏಕೆಂದರೆ ದಡದಲ್ಲಿ ಕೂತಾಗಿನ ಬಾಡಿಯ ಆಕಾರ ನೀರಿನಲ್ಲಿ ಸ್ವಲ್ಪ ಬದಲಾಗುತ್ತದೆ.

ಹಳೆ ಎಂಜಿನ್ನಿಗೆ ದಮ್ಮಿಲ್ಲ ಎಂಬ ದೂರಿಗೂ ಉತ್ತರವಿದೆ. ನೀರನ್ನು ಸೀಳಿ ಸಾಗುವ ಇಂಥ ಬೋಟಿಗೆ ಅದರ ಉದ್ದವೇ ವೇಗದ ಮಿತಿ. ನೀರಿನ ಮಟ್ಟದಲ್ಲಿ 36 ಅಡಿ ಇದ್ದರೆ ಸುಮಾರು 8 ನಾಟ್. ಅದರಾಚೆ ಎಷ್ಟು ಅಶ್ವಶಕ್ತಿ ಸುರಿದರೂ ಹೆಚ್ಚಿನದೆಲ್ಲ ಅಲೆ ಎಬ್ಬಿಸುವುದಕ್ಕೆ ಖರ್ಚು. ಬೇಕಾಗುವ ಶಕ್ತಿ ಸರಿಸುಮಾರು ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ವೇಗ 10% ಇಳಿಸಿದರೆ ಶಕ್ತಿಯ ಬೇಡಿಕೆ ಸುಮಾರು 27% ಇಳಿಯುತ್ತದೆ. ಹದವಾಗಿ ಓಡಿಸುವವನ ಕೈಯಲ್ಲಿ ಹಳೆ ಎಂಜಿನ್ ಬಾಳುತ್ತದೆ, ಡೀಸೆಲೂ ಉಳಿಯುತ್ತದೆ.

ವಿರೋಧ: ರಿಪೇರಿಯಾಗುವುದು ಎಂಜಿನ್, ಮುಳುಗುವುದು ಬೋಟು

ಎಂಜಿನ್ ಬಗ್ಗೆ ಮೇಲೆ ಹೇಳಿದ್ದೆಲ್ಲ ನಿಜ. ಅಪಾಯ ಶುರುವಾಗುವುದೂ ಅಲ್ಲಿಂದಲೇ. ಎಂಜಿನ್ ಸದ್ದು ಮಾಡುತ್ತದೆ, ಹೊಗೆ ಬಿಡುತ್ತದೆ, ಆದ್ದರಿಂದ ಕೊಳ್ಳುವವನ ಗಮನವೆಲ್ಲ ಅದರ ಮೇಲೆ. ಮೌನವಾಗಿರುವ ಬಾಡಿಗೆ ಒಂದು ಸುತ್ತಿಗೆಯ ಪರೀಕ್ಷೆ ಮಾತ್ರ. ಆ ಸುತ್ತಿಗೆಗೆ ಕೇಳಿಸದ ಸಂಗತಿಗಳು ಬಹಳ ಇವೆ.

ಮರವನ್ನು ಕೊಳೆಸುವುದು ಉಪ್ಪುನೀರಿಗಿಂತ ಹೆಚ್ಚಾಗಿ ಮಳೆನೀರು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಡೆಕ್ಕಿನ ಸಂದಿಯಿಂದ ಇಳಿದ ನೀರು ತೊಲೆಗಳ ಮೂಲೆಯಲ್ಲಿ ಕೂತು ಒಳಗಿನಿಂದ ತಿನ್ನುತ್ತದೆ. ಹೆಬ್ಬಲಸಿನ ಹಲಗೆ ಇನ್ನೂ ಚೆನ್ನಾಗಿದ್ದರೂ ಅದನ್ನು ಹಿಡಿದ ಕಬ್ಬಿಣದ ಮೊಳೆ ತುಕ್ಕು ಹಿಡಿದು ಸೂಜಿಯಷ್ಟಾಗಿರಬಹುದು. ಮರ ಕೊರೆಯುವ ಕಡಲ ಹುಳು ಮರಿಯಾಗಿದ್ದಾಗ ಸೂಜಿಮೊನೆಯಷ್ಟು ತೂತಿನಲ್ಲಿ ಒಳಹೊಕ್ಕು, ಹಲಗೆಯ ಒಳಗೇ ಸುರಂಗ ತೋಡುತ್ತಾ ಬೆಳೆಯುತ್ತದೆ. ಹೊರಮೈಯಲ್ಲಿ ಏನೂ ಕಾಣದು. ಮಾರುವ ಮುನ್ನ ಫೈಬರ್ ಹೊದಿಸಿದ ಬೋಟುಗಳನ್ನಂತೂ ಇನ್ನೂ ಹೆಚ್ಚು ಅನುಮಾನದಿಂದ ನೋಡಬೇಕು. ಒದ್ದೆ ಮರದ ಮೇಲೆ ಹೊದಿಸಿದ ಫೈಬರ್ ತೇವವನ್ನು ಒಳಗೇ ಬಂಧಿಸಿ ಕೊಳೆಯುವುದನ್ನು ಚುರುಕುಗೊಳಿಸುತ್ತದೆ, ಹೊರಗೆ ಮಾತ್ರ ಹೊಸ ಬಣ್ಣ ಹೊಳೆಯುತ್ತದೆ.

ಎಂಜಿನ್ ಕೂರುವ ತೊಲೆಗಳನ್ನೇ ನೋಡಿ. ವರ್ಷಗಟ್ಟಲೆ ಆಯಿಲ್ ಕುಡಿದು ಮೆತ್ತಗಾದ ತೊಲೆಗೆ ಬೋಲ್ಟ್ ಕಚ್ಚುವುದಿಲ್ಲ. ಫೀಲರ್ ಗೇಜ್ ಹಿಡಿದು ಕೂದಲೆಳೆಯಷ್ಟು ಸರಿಮಾಡಿದ ಅಳತೆ ಮೊದಲ ದೊಡ್ಡ ಅಲೆಗೇ ಹೋಯಿತು. ತೊಲೆ ಬದಲಿಸಲು ಎಂಜಿನ್ ಎತ್ತಬೇಕು, ಎಂಜಿನ್ ಎತ್ತಲು ಡೆಕ್ ಬಿಚ್ಚಬೇಕು, ಡೆಕ್ ಬಿಚ್ಚಿದಾಗ ಅದರ ಕೆಳಗಿನ ಕೊಳೆತ ಕಾಣುತ್ತದೆ. ಔಟ್‌ಬೋರ್ಡ್ ಎಂಜಿನ್ ಆದರೆ ಇಬ್ಬರು ಮೂವರು ಸೇರಿ ಎತ್ತಿ ಹೊತ್ತುಕೊಂಡು ಹೋಗಿ ರಿಪೇರಿ ಮಾಡಿಸುತ್ತಾರೆ. ಇನ್‌ಬೋರ್ಡ್‌ನಲ್ಲಿ ಎಂಜಿನ್ ಮತ್ತು ಬೋಟು ಒಂದೇ ದೇಹ. ಒಂದಕ್ಕೆ ಕೈಹಾಕಿದರೆ ಇನ್ನೊಂದಕ್ಕೂ ಹಾಕಿದ ಹಾಗೆ. ಕಡೆಗೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಈ ಕೆಲಸಕ್ಕೆಲ್ಲ ಸಿಗುವುದು 61 ದಿನ. ಅದೇ 61 ದಿನದಲ್ಲಿ ಬಂದರಿನ ಎಲ್ಲರಿಗೂ ಆಚಾರಿ ಬೇಕು, ವೆಲ್ಡರ್ ಬೇಕು, ಎಂಜಿನ್ ಮೇಸ್ತ್ರಿ ಬೇಕು. ಹಳೆ ಗಿರಾಕಿಗಳ ಸರದಿ ಮುಗಿದ ಮೇಲೆ ಹೊಸಬನದು. ಅದೂ ಜಡಿಮಳೆಯಲ್ಲಿ, ಮರ ಒಣಗದ, ಬಣ್ಣ ಹಿಡಿಯದ ಕಾಲದಲ್ಲಿ. ಆಗಸ್ಟ್ 1ಕ್ಕೆ ಬೋಟು ಸಿದ್ಧವಾಗದೆ ಒಂದು ತಿಂಗಳು ತಡವಾದರೆ ಹತ್ತು ತಿಂಗಳ ದುಡಿಮೆಯಲ್ಲಿ ಹತ್ತನೇ ಒಂದು ಪಾಲು ಹೋಯಿತು. ಕಂತಿಲ್ಲದ ನೆಮ್ಮದಿ ಎಂದರಲ್ಲ, ಮಕ್ಕಳ ಫೀಸು, ಮನೆಯ ಅಕ್ಕಿ ಕಂತಿನ ಪುಸ್ತಕ ನೋಡಿ ಬರುವುದಿಲ್ಲ.

ಡೀಸೆಲ್ ಲೆಕ್ಕವನ್ನೂ ಹಾಕೋಣ. ಗಂಟೆಗೆ 14 ಲೀಟರ್ ಸಾಕಾಗಬೇಕಾದ ಕಡೆ ಸವೆದ ಎಂಜಿನ್ 10% ಹೆಚ್ಚು ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 250 ಗಂಟೆ ಓಡಿದರೆ 350 ಲೀಟರ್ ದಂಡ, ಹತ್ತು ತಿಂಗಳಿಗೆ 3,500 ಲೀಟರ್. ಕಡಿಮೆ ಬೆಲೆಗೆ ಸಿಕ್ಕಿತೆಂದು ಹಿಗ್ಗಿದ ದುಡ್ಡು ಹೀಗೆ ಬಂಕಿಗೆ ಇಳಿಯುತ್ತದೆ. ಬೋಟಿನ ನೋಂದಣಿ, 1986ರ ರಾಜ್ಯ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿಯ ಪರವಾನಗಿ ಎರಡೂ ಕೊಂಡವನ ಹೆಸರಿಗೆ ಬರಬೇಕು. ನಡುವೆ ಯಾರೋ ಎಂಜಿನ್ ಬದಲಿಸಿ ಕಾಗದದಲ್ಲಿ ಹಳೆಯ ಸಂಖ್ಯೆಯನ್ನೇ ಬಿಟ್ಟಿದ್ದರೆ ಕಚೇರಿಗೆ ಅಲೆದಾಟ ತಪ್ಪದು. ಕಾಗದ ಸರಿಯಿಲ್ಲದೆ ಕರರಹಿತ ಡೀಸೆಲ್ಲೂ ಸಿಗದು.

ಎಲ್ಲಕ್ಕಿಂತ ದೊಡ್ಡದು ಜೀವದ ಪ್ರಶ್ನೆ. ನೀರಿನ ಮಟ್ಟಕ್ಕಿಂತ ಒಂದು ಮೀಟರ್ ಕೆಳಗೆ, ಎಂಜಿನ್ ತಂಪಿಗೆ ಕಡಲನೀರು ತರುವ ಒಂದಿಂಚಿನ ಪೈಪು ಒಡೆದರೆ ನಿಮಿಷಕ್ಕೆ ಸುಮಾರು 75 ಲೀಟರ್ ನೀರು ಒಳನುಗ್ಗುತ್ತದೆ. ಗಂಟೆಗೆ ನಾಲ್ಕೂವರೆ ಟನ್. ಆ ನೀರು ಮೊದಲು ತಲುಪುವುದು ಬೋಟಿನ ತಳದಲ್ಲಿ ಕೂತ ಎಂಜಿನ್ನನ್ನೇ. ಎಂಜಿನ್ ನಿಂತರೆ ಅದರ ಬಲದಿಂದ ಓಡುವ ಪಂಪೂ ನಿಲ್ಲುತ್ತದೆ. ಗಂಗೊಳ್ಳಿಯಲ್ಲೋ ಮಂಗಳೂರಿನಲ್ಲೋ ಅಳಿವೆ ಬಾಗಿಲು ದಾಟುವ ಹೊತ್ತಿಗೆ ಎಂಜಿನ್ ಕೈಕೊಟ್ಟರೆ ಬೋಟು ಅಲೆಗೆ ಅಡ್ಡಲಾಗಿ ತಿರುಗುತ್ತದೆ. ಆಮೇಲೆ ಮರಳ ದಿಬ್ಬವೋ ತಡೆಗೋಡೆಯ ಕಲ್ಲೋ, ಅಲೆ ತೀರ್ಮಾನಿಸುತ್ತದೆ. ಒಡೆಯ ತನ್ನ ದುಡ್ಡನ್ನು ಪಣಕ್ಕಿಡಲಿ. ಕಲಾಸಿಗಳು ಪಣಕ್ಕಿಡುವುದು ದುಡ್ಡನ್ನಲ್ಲ.

ಕಾಲವೂ ಹಳೆಯದರ ಪರ ಇಲ್ಲ. 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದಾಗ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಯ ಮೀನುಗಾರಿಕೆ ಕೆಲವೇ ವರ್ಷಗಳಲ್ಲಿ ಮೂಲೆಗೆ ಸರಿಯಿತು. ಎಷ್ಟೇ ಚೆನ್ನಾಗಿ ಹೆಣೆದ ಬಲೆಯೂ ಅದನ್ನು ಉಳಿಸಲಿಲ್ಲ. ಇಂದು ಉಕ್ಕಿನ ದೊಡ್ಡ ಬೋಟುಗಳು ದಿನಗಟ್ಟಲೆ ಆಳಸಮುದ್ರದಲ್ಲಿ ಉಳಿಯುತ್ತವೆ. ದಡದ ಹತ್ತಿರವೇ ಸುತ್ತುವ ಸಣ್ಣ ಮರದ ಬೋಟಿಗೆ ಹೊಸ ಲೈನರ್ ಹಾಕಿದರೂ ಅದರ ಮೀನಿನ ಪಾಲು ಹೊಸದಾಗುವುದಿಲ್ಲ. ಅದೇ ದುಡ್ಡಿನಲ್ಲಿ ಗಟ್ಟಿ ಬೋಟೊಂದರ ಪಾಲು ಕೊಳ್ಳುವುದು, ಇಲ್ಲವೇ ಔಟ್‌ಬೋರ್ಡ್ ಎಂಜಿನ್ನಿನ ಫೈಬರ್ ದೋಣಿಯಿಂದ ಶುರುಮಾಡುವುದು ಹೆಚ್ಚು ವಿವೇಕ.

ಪರದವರ ಮರುಮಾತು

ಪಾಲುಗಾರನಿಗೆ ಲಾಭದಲ್ಲಿ ಪಾಲು ಸಿಗುತ್ತದೆ, ಯಾವ ದಿನ ಹೊರಡಬೇಕು, ಯಾವ ದಿನ ನಿಲ್ಲಬೇಕು ಎಂಬ ಮಾತಿನಲ್ಲಿ ಸಿಗುವುದು ಅಪರೂಪ. ಸ್ವಂತ ಬೋಟಿನ ಆಸೆ ಇರುವುದೇ ಆ ಮಾತಿಗಾಗಿ. ಕೊಳೆತ ಬಾಡಿ ಕೊಳ್ಳಿ ಎಂದು ನಾವು ಹೇಳಿಲ್ಲ. ಒಂದೆರಡು ಕಡೆ ಹಲಗೆ ಬಿಚ್ಚಿ ಮೊಳೆ ಕಿತ್ತು ನೋಡಲು ಮಾರುವವರು ಒಪ್ಪದಿದ್ದರೆ ಅಲ್ಲಿಂದ ಎದ್ದು ಬರಬೇಕು. ಪೈಪು, ವಾಲ್ವು, ಪಂಪುಗಳನ್ನು ಎಷ್ಟೇ ಚೆನ್ನಾಗಿ ಕಂಡರೂ ಹೊಸದಾಗಿ ಹಾಕಬೇಕು, ಎಂಜಿನ್ ನಿಂತರೂ ಓಡುವ ಬ್ಯಾಟರಿ ಪಂಪೊಂದು ಇರಬೇಕು. ಇಷ್ಟು ಮಾಡಿದ ಹಳೆ ಬೋಟು, ಯಾರೂ ಬಗ್ಗಿ ನೋಡದ ಹೊಸ ಬೋಟಿಗಿಂತ ಸುರಕ್ಷಿತ.

ವಿರೋಧದವರ ಮರುಮಾತು

ಇಷ್ಟು ಶಿಸ್ತಿರುವವರು ಕೊಂಡರೆ ನಮ್ಮ ತಕರಾರಿಲ್ಲ. ಆದರೆ ಮುಂಗಡ ಎಣಿಸುವ ಹೊತ್ತಿಗೆ ಶಿಸ್ತು ಸಡಿಲುತ್ತದೆ, ಎಂಜಿನ್ನಿನ ಸದ್ದು ಕಿವಿ ತುಂಬಿರುತ್ತದೆ. ಆದ್ದರಿಂದ ಕೊಳ್ಳುವವರು ಆ ಸದ್ದು ನಿಲ್ಲಿಸಿ ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಎಂಜಿನ್ ಕಿತ್ತು ಬರಿಯ ಬಾಡಿಯನ್ನು ಮಾರಾಟಕ್ಕಿಟ್ಟಿದ್ದರೆ ನಾನು ಇದಕ್ಕೆ ದುಡ್ಡು ಕೊಡುತ್ತಿದ್ದೆನೇ? ಹೌದು ಎಂದಾದರೆ ಎಂಜಿನ್ ಎಷ್ಟು ಕೆಟ್ಟಿದ್ದರೂ ವ್ಯಾಪಾರ ಮುಂದುವರಿಸಬಹುದು. ಇಲ್ಲ ಎಂದಾದರೆ ಎಂಜಿನ್ ಎಷ್ಟು ಚೆನ್ನಾಗಿದ್ದರೂ ಆ ಬೋಟು ಬೇಡ.