ಬಲಿಷ್ಠ ತಂಡದ ಬೆಂಚು ಮತ್ತು ನಮ್ಮ ಮಕ್ಕಳು

ಕಳೆದ ಬೇಸಿಗೆ ರಜೆಯಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದೆವು. ಮಾತಿನ ನಡುವೆ ಅವರು ತಮ್ಮ ಹನ್ನೆರಡು ವರ್ಷದ ಮಗನನ್ನು ಕರೆದು, “ಇವನೀಗ ನಗರದ ದೊಡ್ಡ ಕ್ರಿಕೆಟ್ ಅಕಾಡೆಮಿಯ ತಂಡದಲ್ಲಿದ್ದಾನೆ. ಈ ವರ್ಷ ಮೂರು ಕಪ್ ಬಂದಿವೆ” ಎಂದು ಬಹಳ ಅಭಿಮಾನದಿಂದ ಪರಿಚಯಿಸಿದರು. ಗೋಡೆಯ ಮೇಲೆ ತಂಡದ ಭಾವಚಿತ್ರವೂ ಇತ್ತು. ಆ ಮೂರು ಟೂರ್ನಿಗಳಲ್ಲಿ ನೀನೆಷ್ಟು ರನ್ ಹೊಡೆದೆ ಎಂದು ನಾವು ಸಹಜವಾಗಿಯೇ ಕೇಳಿದೆವು. ಬಾಲಕ ತಂದೆಯ ಮುಖವನ್ನೊಮ್ಮೆ ನೋಡಿದ. ಬಳಿಕ ತಲೆ ತಗ್ಗಿಸಿ, “ನಾನು ಸ್ಕೋರ್ ಬರೀತೇನೆ, ಅಂಕಲ್” ಎಂದ.

ಅದರ ಹಿಂದಿನ ವರ್ಷದವರೆಗೆ ಆತ ತನ್ನ ಮೊಹಲ್ಲಾದ ಹುಡುಗರ ತಂಡದಲ್ಲಿ ಆರಂಭಿಕ ಬ್ಯಾಟ್ಸ್‌ಮನ್ ಆಗಿದ್ದ. ಆ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಸೋತರೂ ಗೆದ್ದರೂ ಆತ ಆಡುತ್ತಿದ್ದ. ಈಗ ಆತನ ತಂಡ ಗೆಲ್ಲುತ್ತಿದೆ, ಆತ ಆಡುತ್ತಿಲ್ಲ. ಈ ವ್ಯವಹಾರದಲ್ಲಿ ಲಾಭವಾದದ್ದು ಯಾರಿಗೆ?

ಇದು ಒಂದು ಮನೆಯ ಕಥೆಯಲ್ಲ. ನಗರ, ಪಟ್ಟಣಗಳಲ್ಲಿ ನೆಲೆಸಿರುವ ನಮ್ಮ ಸಮುದಾಯದ ಮಧ್ಯಮ ವರ್ಗದಲ್ಲಿ ಮಕ್ಕಳ ಆಟದ ಕುರಿತು ಹೊಸ ಆಸಕ್ತಿಯೊಂದು ಮೂಡಿದೆ. ಆಟವೆಂದರೆ ಕಾಲಹರಣವೆಂದು ಗದರಿಸುತ್ತಿದ್ದ ಹಿಂದಿನ ತಲೆಮಾರಿನ ಧೋರಣೆಗೆ ಹೋಲಿಸಿದರೆ ಇದು ಸ್ವಾಗತಾರ್ಹವೇ. ಆದರೆ ಈ ಆಸಕ್ತಿಯ ಜೊತೆಗೆ ಒಂದು ರೋಗವೂ ಒಳ ನುಸುಳಿದೆ. ಮಗು ಆಡಬೇಕು ಎಂಬುದಕ್ಕಿಂತ, ಮಗು ಹೆಸರುವಾಸಿಯಾದ ತಂಡದಲ್ಲಿರಬೇಕು ಎಂಬುದು ಮುಖ್ಯವಾಗಿದೆ. ಸಾವಿರಾರು ರೂಪಾಯಿ ಶುಲ್ಕ, ಬಣ್ಣದ ಜೆರ್ಸಿ, ಕಿಟ್ ಬ್ಯಾಗ್, ವಾಟ್ಸಪ್‌ನಲ್ಲಿ ಹಂಚಿಕೊಳ್ಳಲು ಒಂದು ಭಾವಚಿತ್ರ. ಇವೆಲ್ಲವೂ ಇದ್ದು, ಮೈದಾನದೊಳಗೆ ಹೆಜ್ಜೆಯಿಡುವ ಅವಕಾಶ ಮಾತ್ರ ಇಲ್ಲವೆಂದಾದರೆ ಅದನ್ನು ಕ್ರೀಡೆಯೆನ್ನಲು ಸಾಧ್ಯವೇ? ಅದು ಪ್ರದರ್ಶನ. ಜನರು ನೋಡಲೆಂದು ಮಾಡುವ ಕೆಲಸಕ್ಕೆ ನಮ್ಮ ಧರ್ಮದ ಪರಿಭಾಷೆಯಲ್ಲಿ ‘ರಿಯಾ’ ಎಂಬ ಹೆಸರಿದೆ. ಅದು ನಮಾಝ್‌ನಲ್ಲಿ ಮಾತ್ರ ಇಣುಕುವುದಿಲ್ಲ.

ಸರಳವಾದ ಲೆಕ್ಕವೊಂದನ್ನು ಹಾಕೋಣ. ಇಪ್ಪತ್ತು ಓವರ್‌ಗಳ ಇನಿಂಗ್ಸ್‌ನಲ್ಲಿ ನ್ಯಾಯಬದ್ಧ ಎಸೆತಗಳು 120. ದುರ್ಬಲ ತಂಡವೊಂದರಲ್ಲಿ ಮೂರನೆಯವನಾಗಿ ಬ್ಯಾಟ್ ಹಿಡಿದು, ನಾಲ್ಕು ಓವರ್ ಬೌಲಿಂಗ್ ಮಾಡುವ ಬಾಲಕನ ಪಾಲಿಗೆ ಒಂದು ಪಂದ್ಯದಲ್ಲಿ ಇಪ್ಪತ್ತೋ ಮೂವತ್ತೋ ಎಸೆತಗಳ ಬ್ಯಾಟಿಂಗ್ ಮತ್ತು 24 ಎಸೆತಗಳ ಬೌಲಿಂಗ್ ದೊರೆಯುತ್ತದೆ. ಅಷ್ಟು ಸಲ ಆತ ನಿರ್ಧಾರ ಕೈಗೊಳ್ಳುತ್ತಾನೆ, ತಪ್ಪು ಮಾಡುತ್ತಾನೆ, ತಿದ್ದಿಕೊಳ್ಳುತ್ತಾನೆ. ಬಲಿಷ್ಠ ತಂಡದಲ್ಲಿ ಹತ್ತನೆಯವನಾಗಿರುವ, ಬೌಲಿಂಗ್ ಸಿಗದ ಬಾಲಕನಿಗೆ ಇಡೀ ದಿನದಲ್ಲಿ ಒಂದು ಎಸೆತವೂ ದೊರೆಯದಿರಬಹುದು. ಹನ್ನೆರಡನೆಯವನ ಸ್ಥಿತಿ ಇನ್ನೂ ಶೋಚನೀಯ. ಕ್ರಿಕೆಟ್ ನಿಯಮಗಳ ಪ್ರಕಾರ ಬದಲಿ ಫೀಲ್ಡರ್ ಆಗಿ ಬಂದವನು ಬ್ಯಾಟಿಂಗನ್ನೂ ಮಾಡುವಂತಿಲ್ಲ, ಬೌಲಿಂಗನ್ನೂ ಮಾಡುವಂತಿಲ್ಲ. ಕಿರಿಯರ ಫುಟ್ಬಾಲ್‌ನಲ್ಲಾದರೂ ಹೊರ ಹೋದವನು ಮತ್ತೆ ಒಳಬರಲು ಅನುಮತಿ ನೀಡುವ ಅವಕಾಶ ನಿಯಮದಲ್ಲಿದೆ. ಕ್ರಿಕೆಟ್‌ನಲ್ಲಿ ಬೆಂಚೆಂದರೆ ಬೆಂಚೇ.

ಇಲ್ಲಿ ಪೋಷಕರು ಮುಂದಿಡುವ ವಾದವೊಂದಿದೆ: “ದೊಡ್ಡವರ ಜೊತೆಗಿದ್ದರೆ ಕುಳಿತಾದರೂ ಕಲಿಯುತ್ತಾನೆ. ಮುಹಮ್ಮದ್ ಶಮಿ ಕೂಡ ಬೆಂಚಿನಲ್ಲಿ ಕುಳಿತವರಲ್ಲವೇ?” ನಿಜ. 2023ರ ವಿಶ್ವಕಪ್‌ನಲ್ಲಿ ಭಾರತದ ಮೊದಲ ನಾಲ್ಕು ಪಂದ್ಯಗಳಲ್ಲಿ ಶಮಿಯವರಿಗೆ ಸ್ಥಾನವಿರಲಿಲ್ಲ. ಐದನೆಯ ಪಂದ್ಯದಲ್ಲಿ ಅವಕಾಶ ದೊರೆತಾಗ ನ್ಯೂಝಿಲ್ಯಾಂಡ್ ವಿರುದ್ಧ ಐದು ವಿಕೆಟ್ ಪಡೆದರು. ಏಳೇ ಪಂದ್ಯಗಳಲ್ಲಿ 24 ವಿಕೆಟ್ ಕಿತ್ತು ಟೂರ್ನಿಯಲ್ಲೇ ಅಗ್ರಸ್ಥಾನ ಗಳಿಸಿದರು. ಆದರೆ ಅದು ಸಾವಿರಾರು ಓವರ್ ಎಸೆದು ಪಳಗಿದ ಮೂವತ್ತಮೂರು ವರ್ಷದ ಬೌಲರ್‌ನ ಬೆಂಚು. ಅದೇ ಶಮಿ ಹದಿಹರೆಯದಲ್ಲಿದ್ದಾಗ ಏನಾಯಿತೆಂಬುದನ್ನೂ ಈ ಪೋಷಕರು ನೆನಪಿಟ್ಟುಕೊಳ್ಳಬೇಕು. ಉತ್ತರ ಪ್ರದೇಶದ ಅಮ್ರೋಹಾದ ಆ ಹುಡುಗನಿಗೆ ರಾಜ್ಯದ ಕಿರಿಯರ ತಂಡದಲ್ಲಿ ಅವಕಾಶ ಸಿಗದಿದ್ದಾಗ ಕೋಚ್ ಬದ್ರುದ್ದೀನ್ ಸಿದ್ದೀಕಿಯವರು ‘ಕಾದು ಕುಳಿತುಕೋ’ ಎನ್ನಲಿಲ್ಲ. ಆತನನ್ನು ದೂರದ ಕೋಲ್ಕತಾಕ್ಕೆ ಕಳುಹಿಸಿದರು. ಅಲ್ಲಿ ಕ್ಲಬ್ ಕ್ರಿಕೆಟ್ ಆಡುತ್ತಾ ಬಂಗಾಳದ ಮೂಲಕ ಶಮಿ ಭಾರತ ತಂಡದ ಬಾಗಿಲು ತಟ್ಟಿದರು. ಆಡುವ ಅವಕಾಶವನ್ನು ಅರಸಿ ಹೋದದ್ದರಿಂದಲೇ ಅವರು ಶಮಿಯಾದರು.

ನಮ್ಮದೇ ರಾಜ್ಯದ ಕರುಣ್ ನಾಯರ್ ಅವರನ್ನು ನೋಡಿ. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ರನ್ ಬಾರಿಸಿದ್ದ ಆಟಗಾರ. ಕರ್ನಾಟಕದಂತಹ ಬಲಿಷ್ಠ ತಂಡದಲ್ಲಿ ತನಗೆ ಸ್ಥಾನವಿಲ್ಲವೆಂದಾದಾಗ ಅವರು 2023ರಲ್ಲಿ ವಿದರ್ಭಕ್ಕೆ ಹೋದರು. ಅಲ್ಲಿ ಆಡಿದರು, ರನ್‌ಗಳ ರಾಶಿ ಹಾಕಿದರು, 2024-25ರ ಸಾಲಿನಲ್ಲಿ ರಣಜಿ ಟ್ರೋಫಿ ಗೆದ್ದ ತಂಡದ ಆಧಾರಸ್ತಂಭವಾದರು. 2025ರಲ್ಲಿ ಇಂಗ್ಲೆಂಡ್ ಪ್ರವಾಸದ ಟೆಸ್ಟ್ ತಂಡಕ್ಕೆ ಮರಳಿದರು. ತ್ರಿಶತಕ ಬಾರಿಸಿದವನಿಗೇ ಬ್ಯಾಟ್ ಬೀಸಲು ಕ್ರೀಸ್ ಬೇಕಾದರೆ, ಇನ್ನೂ ಬ್ಯಾಟ್ ಹಿಡಿಯಲು ಕಲಿಯುತ್ತಿರುವ ಮಗುವಿಗೆ ಅದು ಬೇಡವೇ?

ಪ್ರಶ್ನೆ ಪೋಷಕರಿಗೆ ಮಾತ್ರವಲ್ಲ, ತರಬೇತುದಾರರಿಗೂ ಇದೆ. ರಾಹುಲ್ ದ್ರಾವಿಡ್ ಅವರು ಭಾರತ ‘ಎ’ ಮತ್ತು 19ರ ಕೆಳಹರೆಯದ ತಂಡಗಳ ಕೋಚ್ ಆಗಿದ್ದಾಗ ಪ್ರವಾಸಕ್ಕೆ ಬಂದ ಯಾರೂ ಪಂದ್ಯವಾಡದೆ ಮರಳಬಾರದು ಎಂಬ ನೀತಿಯನ್ನು ಪಾಲಿಸಿದ್ದಾಗಿ ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಪ್ರವಾಸಕ್ಕೆ ಹೋಗಿ ಆಡದೆ ಮರಳುವ ನೋವು ಎಂತಹುದೆಂಬುದನ್ನು ಅವರು ಸ್ವತಃ ಎಳೆ ವಯಸ್ಸಿನಲ್ಲಿ ಅನುಭವಿಸಿದ್ದರು. ದೇಶವನ್ನು ಪ್ರತಿನಿಧಿಸುವ ತಂಡಕ್ಕೆ ಈ ಉದಾರತೆ ಸಾಧ್ಯವಾದರೆ, ಶುಲ್ಕ ಪಡೆದು ನಡೆಸುವ ಬೇಸಿಗೆ ಶಿಬಿರಕ್ಕೆ ಏಕೆ ಸಾಧ್ಯವಿಲ್ಲ? ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್ ನಡೆಸುವ ಲಿಟಲ್ ಲೀಗ್ ಸಂಸ್ಥೆ ಇದನ್ನು ತರಬೇತುದಾರರ ಔದಾರ್ಯಕ್ಕೂ ಬಿಟ್ಟಿಲ್ಲ. ಲೀಗ್ ಪಂದ್ಯಗಳಲ್ಲಿ ಪ್ರತಿಯೊಂದು ಮಗುವಿಗೂ ಕನಿಷ್ಠ ಒಂದು ಬಾರಿ ಬ್ಯಾಟಿಂಗ್ ಮತ್ತು ಎದುರಾಳಿಯ ಆರು ಔಟ್‌ಗಳಷ್ಟು ಕಾಲ ಫೀಲ್ಡಿಂಗ್ ದೊರೆಯಲೇಬೇಕೆಂಬ ನಿಯಮವನ್ನೇ ಅದು ರೂಪಿಸಿದೆ. ಅಮೆರಿಕದ ಎಷ್ಟೋ ಅನಗತ್ಯಗಳನ್ನು ನಕಲು ಮಾಡುವ ನಮಗೆ ಇಂತಹ ಒಳಿತು ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಅಕಾಡೆಮಿಗಳನ್ನು ದೂಷಿಸಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಮೊಹಲ್ಲಾಗಳ ಯುವಕ ಸಂಘಗಳು ಏನು ಮಾಡುತ್ತಿವೆ? ಕರಾವಳಿಯಿರಲಿ, ಮಲೆನಾಡಿರಲಿ, ವರ್ಷಂಪ್ರತಿ ಅಂಡರ್ ಆರ್ಮ್ ಕ್ರಿಕೆಟ್ ಟೂರ್ನಿಗಳು ನಡೆಯುತ್ತವೆ. ಊರವರಿಂದ, ಗಲ್ಫ್‌ನಲ್ಲಿ ದುಡಿಯುವ ಸಹೋದರರಿಂದ ಚಂದಾ ಎತ್ತಲಾಗುತ್ತದೆ. ಟೂರ್ನಿಯ ದಿನ ಸಂಘದ ಜೆರ್ಸಿ ತೊಟ್ಟು ಮೈದಾನಕ್ಕಿಳಿಯುವವರು ಯಾರು? ಹಣ ಕೊಟ್ಟು ಹೊರಗಿನಿಂದ ಕರೆಸಿದ ಆಟಗಾರರು! ಊರಿನ ಹುಡುಗರು ಹಗ್ಗದಾಚೆ ನಿಂತು ಚಪ್ಪಾಳೆ ತಟ್ಟುತ್ತಾರೆ, ಕುರ್ಚಿ ಹಾಕುತ್ತಾರೆ, ನೀರು ಕೊಡುತ್ತಾರೆ. ಕಪ್ ಸಂಘದ ಕಚೇರಿಯ ಕಪಾಟು ಸೇರುತ್ತದೆ. ಮರುದಿನ ಆ ಹೊರಗಿನವರು ಬೇರೊಂದು ಸಂಘದ ಜೆರ್ಸಿ ತೊಟ್ಟಿರುತ್ತಾರೆ. ಊರಿನ ಹುಡುಗನಿಗೆ ಉಳಿಯುವುದಾದರೂ ಏನು? ಸಮುದಾಯದ ಯುವಕರು ದಾರಿ ತಪ್ಪುತ್ತಿದ್ದಾರೆ, ಮೊಬೈಲ್ ದಾಸರಾಗಿದ್ದಾರೆ, ಅಮಲಿಗೆ ಬಲಿಯಾಗುತ್ತಿದ್ದಾರೆ ಎಂದು ವೇದಿಕೆಗಳಲ್ಲಿ ಆತಂಕ ವ್ಯಕ್ತಪಡಿಸುವ ಮುಖಂಡರು, ಆ ಯುವಕರಿಗೆ ನಾವೇ ಮೈದಾನವನ್ನು ನಿರಾಕರಿಸಿಲ್ಲವೇ ಎಂದು ತಮ್ಮನ್ನು ಕೇಳಿಕೊಂಡದ್ದುಂಟೇ?

ಪ್ರವಾದಿ ಮುಹಮ್ಮದ್(ಸ)ರ ಜೀವನದಲ್ಲಿ ಇದಕ್ಕೆ ಸ್ಪಷ್ಟ ಮಾದರಿಯಿದೆ. ಅಸ್ಲಮ್ ಗೋತ್ರದ ಜನರು ಎರಡು ಪಂಗಡಗಳಾಗಿ ಬಿಲ್ಲುಗಾರಿಕೆಯ ಸ್ಪರ್ಧೆಯಲ್ಲಿ ತೊಡಗಿದ್ದಾಗ ಪ್ರವಾದಿ(ಸ)ರು ಆ ದಾರಿಯಾಗಿ ಬಂದರು. ಅವರನ್ನು ಹುರಿದುಂಬಿಸಿ, ತಾನು ಇಂತಹ ಪಂಗಡದ ಜೊತೆಗಿದ್ದೇನೆ ಎಂದರು. ಕೂಡಲೇ ಇನ್ನೊಂದು ಪಂಗಡ ಕೈ ತಡೆಯಿತು. ಪ್ರವಾದಿವರ್ಯರೇ ಎದುರು ಪಕ್ಷದಲ್ಲಿರುವಾಗ ಬಾಣ ಬಿಡುವುದೆಂತು ಎಂಬುದು ಅವರ ಸಂಕೋಚವಾಗಿತ್ತು. ಆಗ ಪ್ರವಾದಿ(ಸ)ರು, ಬಾಣ ಬಿಡಿ, ನಾನು ನಿಮ್ಮೆಲ್ಲರ ಜೊತೆಗಿದ್ದೇನೆ ಎಂಬ ಆಶಯದ ಮಾತನ್ನಾಡಿದರೆಂದು ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ. ಒಂದು ಪಕ್ಷ ಬಲಿಷ್ಠವಾಗಿ ಇನ್ನೊಂದು ಪಕ್ಷದ ಕೈ ಕಟ್ಟಿಹೋದಾಗ ಅವರಿಗೆ ಬೇಕಾದದ್ದು ತನ್ನ ಪಕ್ಷದ ಗೆಲುವಲ್ಲ, ಎಲ್ಲರ ಬಿಲ್ಲಿನಿಂದಲೂ ಬಾಣ ಹೊರಡುವುದು. ಯಾರೂ ಸೋಲಿಸಲಾರರೆಂದು ಪ್ರಸಿದ್ಧವಾಗಿದ್ದ ಅವರ ಒಂಟೆಯನ್ನು ಗ್ರಾಮೀಣ ಅರಬನೊಬ್ಬನ ಒಂಟೆ ಹಿಂದಿಕ್ಕಿದಾಗ ಅನುಯಾಯಿಗಳಿಗೆ ಬೇಸರವಾಯಿತು, ಪ್ರವಾದಿ(ಸ)ರಿಗೆ ಆಗಲಿಲ್ಲ. ಲೋಕದಲ್ಲಿ ಮೇಲೇರಿದ್ದನ್ನು ಅಲ್ಲಾಹನು ಕೆಳಗಿಳಿಸಿಯೇ ತೀರುತ್ತಾನೆಂದು ಅವರು ತಿಳಿಹೇಳಿದರು. ಹ. ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿ ಒಮ್ಮೆ ಸೋತು, ಇನ್ನೊಮ್ಮೆ ಗೆದ್ದವರು ಅವರು. ಈ ಪರಂಪರೆಯ ವಾರಸುದಾರರು ನಾವು. ನಮ್ಮ ಮಗನ ತಂಡ ಸೋತರೆ ನಮಗೇಕೆ ಅವಮಾನವಾಗಬೇಕು?

ಹ. ಆಯಿಶಾ(ರ)ರ ಆ ಓಟವನ್ನು ಪ್ರಸ್ತಾಪಿಸಿದ ಮೇಲೆ ನಮ್ಮ ಹೆಣ್ಣುಮಕ್ಕಳ ಕುರಿತು ಮೌನವಾಗಿರುವುದು ಅಪ್ರಾಮಾಣಿಕತೆಯಾದೀತು. ಮಗನಿಗೆ ಯಾವ ತಂಡವೆಂದು ಚರ್ಚಿಸುವ ಮನೆಯಲ್ಲಿ ಮಗಳಿಗೆ ಬೆಂಚೂ ಇಲ್ಲ. 2005ರ ವಿಶ್ವಕಪ್ ಫೈನಲ್‌ನಲ್ಲಿ ಸೋತ ಭಾರತದ ಮಹಿಳಾ ತಂಡದಲ್ಲಿದ್ದ ನೂಶಿನ್ ಅಲ್ ಖದೀರ್ 2023ರಲ್ಲಿ 19ರ ಕೆಳಹರೆಯದ ಹುಡುಗಿಯರ ಮೊದಲ ವಿಶ್ವಕಪ್ ಗೆದ್ದ ಭಾರತ ತಂಡದ ಕೋಚ್ ಆಗಿದ್ದರು. ಆ ಹೆಸರು ನಮ್ಮಲ್ಲಿ ಎಷ್ಟು ಮನೆಗಳಿಗೆ ಗೊತ್ತು? ಶಿಷ್ಟಾಚಾರದ ಚೌಕಟ್ಟಿನೊಳಗೆ, ಸುರಕ್ಷಿತ ಮೈದಾನದಲ್ಲಿ ಹೆಣ್ಣುಮಕ್ಕಳಿಗೂ ಓಡುವ, ಎಸೆಯುವ, ಗೆಲ್ಲುವ ಅವಕಾಶ ಕಲ್ಪಿಸುವುದು ಜಮಾಅತ್‌ಗಳ ಹೊಣೆ.

ಸರಕಾರಕ್ಕೂ ಹೊಣೆಯಿದೆ. ಮಕ್ಕಳ ಆಟದ ಹಕ್ಕನ್ನು ಮಾನ್ಯ ಮಾಡುವ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿಕೊಂಡಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲೆಗೆ ಆಟದ ಮೈದಾನ ಬೇಕೆಂದು ವಿಧಿಸುತ್ತದೆ. ನಮ್ಮ ಮೊಹಲ್ಲಾಗಳ ಶಾಲೆಗಳಲ್ಲಿ ಆ ಮೈದಾನ ಎಲ್ಲಿದೆಯೆಂದು ನಗರಸಭೆಯ ಸದಸ್ಯರನ್ನು ಕೇಳುವವರು ಬೇಕು. ಹತ್ತಿರದಲ್ಲಿ ಬಯಲಿಲ್ಲದ ಕಾರಣಕ್ಕಾಗಿಯೇ ಬಡವನ ಮಗ ಆಟ ಬಿಡುತ್ತಾನೆ, ಉಳ್ಳವನ ಮಗ ಅಕಾಡೆಮಿಯ ಬೆಂಚಿಗೆ ಹೋಗುತ್ತಾನೆ.

ಹಾಗಾದರೆ ಬಲಿಷ್ಠ ತಂಡಕ್ಕೆ ಹೋಗಲೇಬಾರದೇ? ನಾವು ಹಾಗೆನ್ನುವುದಿಲ್ಲ. ಎದುರಾಳಿಗಳೆಲ್ಲ ಸುಲಭವೆನಿಸಿದ ಹುಡುಗ ಅಲ್ಲೇ ಉಳಿದರೆ ಆತನ ಬೆಳವಣಿಗೆ ನಿಂತುಹೋಗುತ್ತದೆ, ಜೊತೆಗೆ ಅಹಂಕಾರವೂ ಬೆಳೆಯುತ್ತದೆ. ಅಂಥವನು ಮೇಲಿನ ಮೆಟ್ಟಿಲು ಹತ್ತಲೇಬೇಕು. ಆದರೆ ಹತ್ತುವ ಮುನ್ನ ತಂದೆ ತಾಯಂದಿರು ತರಬೇತುದಾರರನ್ನು ಕೆಲವು ಪ್ರಶ್ನೆ ಕೇಳಲಿ. ತಂಡದಲ್ಲಿ ಎಷ್ಟು ಮಂದಿ ಮಕ್ಕಳಿದ್ದಾರೆ? ಕಳೆದ ತಿಂಗಳ ಪಂದ್ಯಗಳಲ್ಲಿ ಕೊನೆಯ ಸಾಲಿನ ಮಗುವಿಗೆ ಎಷ್ಟು ಎಸೆತಗಳು ದೊರೆತವು? ಎರಡನೇ ತಂಡವೊಂದಿದೆಯೇ? ಇಲ್ಲಿ ಸ್ಥಾನ ಸಿಗದ ಭಾನುವಾರ ಮೊಹಲ್ಲಾದ ತಂಡಕ್ಕೆ ಆಡಲು ಅನುಮತಿಯಿದೆಯೇ? ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಅಭ್ಯಾಸ ಬಲಿಷ್ಠರೊಂದಿಗೆ ನಡೆಯಲಿ, ಪಂದ್ಯವನ್ನು ಅವಕಾಶವಿರುವಲ್ಲಿ ಆಡಲಿ. ಎಲ್ಲಕ್ಕಿಂತ ಮೊದಲು ಮಗುವನ್ನೇ ಕೇಳಿ. ನಿಮ್ಮ ಮುಖ ನೋಡಿ ಉತ್ತರಿಸುವಂತೆ ಕೇಳಬೇಡಿ.

ಯುವಕ ಸಂಘಗಳಿಗೆ ನಮ್ಮದೊಂದು ಸವಾಲು. ಮುಂದಿನ ಟೂರ್ನಿಯಲ್ಲಿ ಹದಿನಾಲ್ಕು ವರ್ಷದೊಳಗಿನವರಿಗೆ ಪ್ರತ್ಯೇಕ ಪಂದ್ಯಗಳನ್ನಿಡಿ. ಹೊರಗಿನ ಆಟಗಾರರು ಬೇಡ. ಪ್ರತಿಯೊಬ್ಬನಿಗೂ ಕನಿಷ್ಠ ಒಂದು ಓವರ್ ಬೌಲಿಂಗ್, ಇಷ್ಟು ಎಸೆತಗಳ ಬಳಿಕ ಬ್ಯಾಟ್ಸ್‌ಮನ್ ನಿವೃತ್ತಿ ಎಂಬ ನಿಯಮವಿರಲಿ. ನಾವು ಮದ್ರಸಾದಲ್ಲಿ ಕಲಿಯುತ್ತಿದ್ದಾಗ ಅಸರ್ ಮತ್ತು ಮಗ್ರಿಬ್ ನಡುವಿನ ಅಲ್ಪ ಸಮಯದಲ್ಲಿ ಆಡುತ್ತಿದ್ದೆವು. ಹುಡುಗರು ಹಲವರು, ಬ್ಯಾಟ್ ಒಂದೇ. ಮಣ್ಣಿನ ಮೇಲೆ ಗೆರೆ ಎಳೆದು ಸರದಿ ನಿಗದಿಪಡಿಸುತ್ತಿದ್ದೆವು. ಅತ್ಯಂತ ದುರ್ಬಲ ಹುಡುಗನ ಸರದಿಯನ್ನೂ ಯಾರೂ ಕಸಿಯುತ್ತಿರಲಿಲ್ಲ. ನಮ್ಮಲ್ಲಿ ಯಾರೂ ಆಟಗಾರರಾಗಲಿಲ್ಲ, ನಿಜ. ಆದರೆ ಸರದಿ ಎಂಬುದು ಪ್ರತಿಯೊಬ್ಬನ ಹಕ್ಕು ಎಂಬ ಪಾಠ ನಮಗೆ ಪುಸ್ತಕಕ್ಕಿಂತ ಮೊದಲು ಆ ಮಣ್ಣಿನಿಂದ ದೊರೆಯಿತು.

ಮಕ್ಕಳು ಅಲ್ಲಾಹನು ನಮಗೊಪ್ಪಿಸಿದ ಅಮಾನತು. ಅವರ ಬಾಲ್ಯದ ಭಾನುವಾರಗಳೂ ಆ ಅಮಾನತಿನ ಭಾಗವೇ. ಅವನ್ನು ನಮ್ಮ ಗೋಡೆಯ ಭಾವಚಿತ್ರಕ್ಕಾಗಿ ವ್ಯಯಿಸುವ ಅಧಿಕಾರ ನಮಗಿಲ್ಲ. ಆ ಮನೆಯ ಬಾಲಕ ಇಂದಿಗೂ ಸ್ಕೋರ್ ಬರೆಯುತ್ತಿರಬಹುದು. ಆ ಪುಸ್ತಕದಲ್ಲಿ ಎಲ್ಲರ ಹೆಸರೂ ಇದೆ. ಬರೆಯುವವನ ಹೆಸರು ಮಾತ್ರ ಇಲ್ಲ. ನಿಮ್ಮ ಮನೆಯಲ್ಲಿಯೂ ಅಂತಹ ಬಾಲಕನೊಬ್ಬನಿದ್ದರೆ, ಬರುವ ಭಾನುವಾರ ಆತನ ಕೈಗೆ ಪೆನ್ಸಿಲ್ ಬದಲು ಬ್ಯಾಟ್ ಕೊಡಿಸಿ. ತಂಡ ಸೋತರೆ ಸೋಲಲಿ.