ಕಪಾಟಿನೊಳಗಣ ಬಾಲಸಾಹಿತ್ಯ

ನಗರದ ಗ್ರಂಥಾಲಯಗಳಲ್ಲಿ ಕೂಡಿಟ್ಟಿರುವ ಹಳೆಯ ಬಾಲಸಾಹಿತ್ಯವು ಯಾರಿಗಾಗಿ ಇರುವುದೆಂಬ ಪ್ರಶ್ನೆಯನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದೆ ಇಡಬೇಕೆಂದು ನಮಗೆ ತೋರಿದೆ. ಸಂಶೋಧಕರಿಗಾಗಿಯೋ, ಮಕ್ಕಳಿಗಾಗಿಯೋ? ಇಬ್ಬರಿಗೂ ಎಂದು ಹೇಳಿಬಿಡುವುದು ಸುಲಭ. ಆದರೆ ಗುರುವಾಯನಕೆರೆಯ ಒಬ್ಬ ಹುಡುಗಿಯ ಕೈಗೆ ಅಂಥ ಒಂದು ಪುಸ್ತಕವು ಬಂದು ಸೇರುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರು ಅಷ್ಟು ಸುಲಭವಾಗಿ ಉತ್ತರ ಕೊಡಲಾರರು.

ಈ ವಿಷಯವು ನಮ್ಮ ಸೀಮೆಗೆ ಹೊಸತಲ್ಲ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದು 1841ರಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದರು. ಶಾಲೆಯ ಮಕ್ಕಳ ಕೈಗೆ ಅಚ್ಚಾದ ಕನ್ನಡ ಪುಸ್ತಕಗಳು ಬಂದುದು ನಮ್ಮ ಕಡೆಯಲ್ಲಿ ಬಹುಮಟ್ಟಿಗೆ ಆ ಅಚ್ಚುಕೂಟದಿಂದಲೇ. ತರುವಾಯ, ನಮ್ಮ ನೆರೆಯ ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮಕ್ಕಳಿಗೆಂದೇ ಬರೆಯತೊಡಗಿದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಅವರು ಉಪಾಧ್ಯಾಯರು, ಶಾಲೆಗಳನ್ನು ಸುತ್ತಿ ಪರೀಕ್ಷಿಸಿದ ಅಧಿಕಾರಿಗಳು, ಮಡಿಕೇರಿಯಲ್ಲಿ ಹೆಡ್‌ಮಾಸ್ಟರರು. ಆದುದರಿಂದ ಮಗುವಿನ ನಾಲಗೆಯು ಎಲ್ಲಿ ತೊಡರುವುದು, ಎಲ್ಲಿ ಕುಣಿಯುವುದು ಎಂಬುದು ಅವರಿಗೆ ಪುಸ್ತಕದಿಂದ ತಿಳಿದುದಲ್ಲ, ತರಗತಿಯಿಂದ ತಿಳಿದುದು. ಅವರ ಮನೆಮಾತು ಕೊಂಕಣಿ. ತುಳುವಿನ ಪಾಡ್ದನಗಳಲ್ಲಿ ಹರಿದು ಬಂದ ಕೋಟಿ ಚೆನ್ನಯರ ಕಥೆಯನ್ನು ಅವರು ಕನ್ನಡ ಗದ್ಯಕ್ಕೆ ತಂದರು. ತುಳು, ಕೊಂಕಣಿ, ಬ್ಯಾರಿ, ಮಲೆಯಾಳ ಇವುಗಳಲ್ಲಿ ಒಂದನ್ನು ಮನೆಯಲ್ಲಿ ಆಡಿ, ಕನ್ನಡವನ್ನು ಶಾಲೆಯಲ್ಲಿ ಕಲಿಯುವ ನಮ್ಮ ಹುಡುಗಿಯರಿಗೆ ಇಂಥವರ ಕನ್ನಡಕ್ಕಿಂತ ಹತ್ತಿರವಾದ ಕನ್ನಡವು ಯಾವುದು? ನಾಲ್ಕು ಪುಟಗಳ ಪಂಜೆಯವರ ಕಥೆಯನ್ನು ಗಟ್ಟಿಯಾಗಿ ಓದಿಸಿದರೆ, ವ್ಯಾಕರಣದ ಎರಡು ಪಾಠಗಳಿಂದ ಆಗದುದು ಆಗುವುದನ್ನು ನಾವು ಎಷ್ಟೋ ಸಾರಿ ಕಂಡಿದ್ದೇವೆ.

ಶಿವರಾಮ ಕಾರಂತರ ‘ಬಾಲ ಪ್ರಪಂಚ’ದ ಮಾತು ಸ್ವಲ್ಪ ಬೇರೆ. ಪುತ್ತೂರಿನಲ್ಲಿದ್ದುಕೊಂಡು ಒಬ್ಬರೇ ಮೂರು ಸಂಪುಟಗಳ ಜ್ಞಾನಕೋಶವನ್ನು ಮಕ್ಕಳಿಗಾಗಿ 1936ರಲ್ಲಿ ಹೊರತಂದುದು ಸಾಹಸವೇ ಸರಿ. ಅದರೊಳಗಿನ ವಿಜ್ಞಾನವು ಹಳತಾಗಿದೆ, ಕಪಾಟಿನಲ್ಲಿ ಸ್ಥಳವು ವ್ಯರ್ಥ ಎಂದು ಹೇಳುವವರುಂಟು. ಸಂಗತಿಗಳು ಹಳತಾಗುವವು, ನಿಜ. ಒಂದು ಸಂಗತಿಯನ್ನು ಮಗುವಿನ ಎದುರಿಗೆ ಕುಳಿತು ವಿವರಿಸುವ ರೀತಿಯು ಹಳತಾಗುವುದೇ? ಹೊಸ ಪುಸ್ತಕದ ಪಕ್ಕದಲ್ಲಿ ಅದನ್ನಿಟ್ಟು ‘ಆಗ ಹೀಗೆ ತಿಳಿದಿದ್ದರು, ಈಗ ಹೀಗೆ ತಿಳಿದಿದೆ’ ಎಂದು ತೋರಿಸಬಲ್ಲ ಉಪಾಧ್ಯಾಯಿನಿಗೆ ಅದಕ್ಕಿಂತ ಒಳ್ಳೆಯ ವಿಜ್ಞಾನಪಾಠವು ಬೇರೆ ಬೇಡ. ಹಳೆಯ ಕಥೆಗಳಲ್ಲಿ ಹೆಣ್ಣುಮಗಳು ಒಲೆಯ ಬುಡವನ್ನು ಬಿಟ್ಟು ಏಳುವುದೇ ಅಪರೂಪವೆಂಬ ದೂರಿಗೂ ನಮ್ಮ ಉತ್ತರವು ಇದೇ. ಅಂಥವನ್ನು ತೆಗೆದುಹಾಕುವುದಕ್ಕಿಂತ ಹುಡುಗಿಯರೊಡನೆ ಕುಳಿತು ಓದಿ, ಅವರಿಂದಲೇ ಪ್ರಶ್ನೆ ಹುಟ್ಟಿಸುವುದು ಲೇಸು. ಅವರು ಕೇಳುವ ಪ್ರಶ್ನೆಗಳಿಗೆ ನಾವು ಭಯಪಡಬೇಕಾದುದಿಲ್ಲ.

ಹಾಗಾದರೆ ಈ ಪುಸ್ತಕಗಳು ಇರುವುದೆಲ್ಲಿ? ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಶೇಷಾದ್ರಿ ಅಯ್ಯರರ ಸ್ಮಾರಕ ಭವನದ ಕೇಂದ್ರ ಗ್ರಂಥಾಲಯವಿದೆ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನವರು ಬಾಸೆಲ್ ಮಿಶನಿನ ಹಳೆಯ ಮುದ್ರಣಗಳನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿರುವುದು ಸ್ತುತ್ಯವಾದ ಕೆಲಸ. ನಮ್ಮ ಮಳೆಗಾಲದ ತೇವ, ಗೆದ್ದಲು, ಮುಟ್ಟಿದರೆ ಪುಡಿಯಾಗುವ ಕಾಗದ ಇವುಗಳನ್ನು ಬಲ್ಲ ನಾವು ಬೀಗ ಹಾಕುವುದನ್ನು ತಪ್ಪೆನ್ನಲಾರೆವು. ಮೂಡುಬಿದಿರೆಯವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿಯ ಜೈನರು ಧವಲಾ ಗ್ರಂಥದ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡದೆ ಇದ್ದಿದ್ದರೆ ಆ ಗ್ರಂಥವೇ ಉಳಿಯುತ್ತಿರಲಿಲ್ಲ. ಆದರೆ ಬಹುಕಾಲ ಅದು ದರ್ಶನಕ್ಕೆ ಮಾತ್ರ ಇತ್ತು. ಪ್ರತಿ ಎತ್ತಿ, 1939ರಿಂದ ಅಚ್ಚು ಹಾಕಿದ ಮೇಲೆಯೇ ಓದುವವರ ಕೈಗೆ ಬಂದಿತು. ಮೂಲವು ಕಪಾಟಿನಲ್ಲಿರಲಿ, ಪ್ರತಿಯು ಮಗುವಿನ ಮಡಿಲಲ್ಲಿರಲಿ ಎಂಬುದೇ ನಮ್ಮ ವಾದ. ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳು ಅದನ್ನು ಕಳೆಯಲಿಲ್ಲ, ಕದಿಯಲಿಲ್ಲ; ಆದರೂ ಯಜಮಾನನು ಅವನನ್ನು ಮೆಚ್ಚಲಿಲ್ಲವಷ್ಟೆ.

ಪ್ರತಿ ಎತ್ತುವುದಕ್ಕೆ ಕಾನೂನಿನ ಅಡ್ಡಿಯೂ ಎಲ್ಲ ಕಡೆ ಇಲ್ಲ. ಈಗ ನಮ್ಮ ದೇಶದಲ್ಲಿ ಗ್ರಂಥಸ್ವಾಮ್ಯವು ಲೇಖಕರ ಮರಣಾನಂತರ 60 ವರ್ಷಗಳ ವರೆಗೆ ಇರುವುದು. ಪಂಜೆಯವರು ತೀರಿಕೊಂಡುದು 1937ರಲ್ಲಿ. ಅವರ ಬರಹವು ಎಂದೋ ಎಲ್ಲರದಾಗಿದೆ. ಕಾರಂತರು 1997ರ ವರೆಗೆ ಬದುಕಿದ್ದುದರಿಂದ ಅವರ ಗ್ರಂಥಗಳಿಗೆ ಹಕ್ಕುದಾರರ ಅನುಮತಿ ಬೇಕು. ಪಂಜೆಯವರ ಕಥೆಗಳನ್ನು ದೊಡ್ಡ ಅಕ್ಷರಗಳಲ್ಲಿ, ಗಟ್ಟಿ ರಟ್ಟಿನಲ್ಲಿ, ಅಗ್ಗದ ಬೆಲೆಗೆ ಗ್ರಂಥಾಲಯದವರೇ ಅಚ್ಚು ಹಾಕಿಸಬಾರದೇಕೆ? ಹಣವೆಲ್ಲಿದೆ ಎಂದು ಕೇಳಬೇಡಿರಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಊರಿನ ಕಟ್ಟಡ, ನಿವೇಶನಗಳ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯದ ಕರವನ್ನು ಹೆತ್ತವರಾದ ನೀವೇ ಕೊಡುತ್ತಿದ್ದೀರಿ.

ಇಲ್ಲಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರು. ದೂರವೊಂದೇ ಅಡ್ಡಿಯಲ್ಲ. ಶಾಲೆ ಬಿಟ್ಟೊಡನೆ ಹುಡುಗನು ಬಯಲಿನಲ್ಲಿ ಒಂದು ಗಂಟೆ ತಡೆದರೆ ಯಾರೂ ಕೇಳುವುದಿಲ್ಲ. ಹುಡುಗಿಯು ಪಂಚಾಯತಿನ ಗ್ರಂಥಾಲಯದಲ್ಲಿ ಅರ್ಧ ಗಂಟೆ ಕುಳಿತು ಮುಂದಿನ ಬಸ್ಸಿಗೆ ಬಂದರೆ ಮನೆಯಲ್ಲಿ ವಿಚಾರಣೆ. ಅವಳು ಗ್ರಂಥಾಲಯಕ್ಕೆ ಹೋಗಲಾರಳಾದರೆ ಗ್ರಂಥಾಲಯವೇ ಅವಳಿದ್ದಲ್ಲಿಗೆ ಬರಬೇಕು. ನಗರದ ಗ್ರಂಥಾಲಯದಿಂದ ಐವತ್ತು ಪುಸ್ತಕಗಳ ಒಂದು ಪೆಟ್ಟಿಗೆಯು ಮೂರು ತಿಂಗಳಿಗೊಮ್ಮೆ ಬದಲಾಗುತ್ತಾ ಹಳ್ಳಿಯ ಶಾಲೆಗಳಿಗೆ ಬರಲಿ. ಹರಿದುಹೋದ ಪುಸ್ತಕಕ್ಕೆ ಶಾಲೆಯು ಹೊಣೆಯಾಗಲಿ. ಓದಿ ಓದಿ ಹರಿದರೆ ಅದನ್ನು ನಷ್ಟದ ಲೆಕ್ಕದಲ್ಲಿ ಬರೆಯುವುದು ನಮಗೆ ಸರಿತೋರುವುದಿಲ್ಲ.

ಹಳೆಯ ವಿದ್ಯಾರ್ಥಿನಿಯರೊಡನೆಯೂ ಒಂದು ಬೇಡಿಕೆ. ಅಜ್ಜನ ಕಾಲದ ಮನೆಯನ್ನು ಕೆಡವಿ ಕಟ್ಟುವಾಗ ಅಟ್ಟದ ಮೇಲಿನ ಪುಸ್ತಕಗಳನ್ನು ಗುಜರಿಯವನಿಗೆ ತೂಗಿ ಕೊಡುವ ಮೊದಲು ಒಮ್ಮೆ ಬಿಚ್ಚಿ ನೋಡಿರಿ. ಮಂಗಳೂರಿನ ಹಳೆಯ ಮುದ್ರಣವೇನಾದರೂ ಸಿಕ್ಕಿದರೆ ಬಲ್ಮಠಕ್ಕೆ ತಿಳಿಸಿರಿ. ನಿಮ್ಮ ಮಕ್ಕಳು ಓದಿ ಮುಗಿಸಿದ ಕಥೆಯ ಪುಸ್ತಕಗಳಿದ್ದರೆ ನಮಗೆ ಕಳುಹಿಸಿರಿ. ಪರೀಕ್ಷೆಯ ಹಳೆಯ ಗೈಡುಗಳನ್ನು ಮಾತ್ರ ದಯವಿಟ್ಟು ಕಳುಹಿಸಬೇಡಿರಿ, ಅವು ನಮ್ಮಲ್ಲಿ ಬೇಕಾದಷ್ಟಿವೆ. ಹೆತ್ತವರು ವಾರದಲ್ಲಿ ಒಂದು ಸಂಜೆಯಾದರೂ ಮಗಳನ್ನು ಮುಂದಿನ ಬಸ್ಸಿಗೆ ಬರಗೊಡಿಸಿದರೆ, ಅಂದು ಅವಳು ಎಲ್ಲಿದ್ದಳೆಂಬ ಚೀಟಿಯನ್ನು ನಾವೇ ಬರೆದುಕೊಡುವೆವು.