ಒಂದೇ ಹೊಟ್ಟೆಗೆ ಮೂರು ಸಲ ಸ್ಕ್ಯಾನ್ ಯಾಕೆ?

‘ಅಕ್ಕಾ, ಒಂದೇ ಹೊಟ್ಟೆಗೆ ಮೂರು ಸಲ ಸ್ಕ್ಯಾನ್ ಅಂತೆ! ಬಿಲ್ ಏರಿಸೋಕೆ ಒಂದು ನೆಪ ಬೇಕಲ್ಲ ಇವರಿಗೆ’ ಅಂತ ತಮ್ಮ ಪುಣೆಯಿಂದ ಫೋನಿನಲ್ಲೇ ರೇಗಿದ. ಚೀಟಿಯಲ್ಲಿ ‘ಟ್ರೈಫೇಸಿಕ್ ಸಿಟಿ, ಲಿವರ್’ ಅಂತ ಬರೆದಿತ್ತು. ನಿಜ ಹೇಳಬೇಕೆಂದರೆ ನನಗೂ ಅದೇ ಅನುಮಾನ.

ಅಪ್ಪನಿಗೆ ಹೆಪಟೈಟಿಸ್ ಬಿ ಇರುವುದು ಗೊತ್ತಾಗಿ ಹತ್ತು ವರ್ಷದ ಮೇಲಾಯಿತು. ರಕ್ತದಾನ ಮಾಡಲು ಹೋದಾಗ ಸಿಕ್ಕಿದ ಸುದ್ದಿ ಅದು. ‘ಆರು ತಿಂಗಳಿಗೊಮ್ಮೆ ಲಿವರ್ ಅಲ್ಟ್ರಾಸೌಂಡ್ ಮಾಡಿಸ್ತಾ ಇರಿ’ ಅಂದಿದ್ದರು ಡಾಕ್ಟರು. ಎರಡು ವರ್ಷ ಮಾಡಿಸಿದೆವು. ಆಮೇಲೆ ನನ್ನ ಪ್ರಾಜೆಕ್ಟು, ತಮ್ಮನ ವರ್ಗಾವಣೆ, ಅಪ್ಪನ ಅಡಿಕೆ ಕೊಯ್ಲು. ‘ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ’ ಅನ್ನುತ್ತಿದ್ದರು ಅಪ್ಪ. ನಂಬಿದೆವು. ನಂಬುವುದು ನಮಗೂ ಅನುಕೂಲವಾಗಿತ್ತು.

ಈ ಸಲ ಅಲ್ಟ್ರಾಸೌಂಡಿನಲ್ಲಿ ಎರಡು ಸೆಂಟಿಮೀಟರಿನ ಗಂಟು ಕಂಡಿತು. ಗಂಟಿದೆ ಅಂತ ಅದು ಹೇಳಿತು, ಎಂಥದ್ದು ಅಂತ ಹೇಳಲಿಲ್ಲ.

ಸಿಟಿಗೆ ಮೊದಲು ಕ್ರಿಯಾಟಿನಿನ್ ಪರೀಕ್ಷೆ ಆಯಿತು. ರಕ್ತನಾಳಕ್ಕೆ ಬಿಡುವ ಕಾಂಟ್ರಾಸ್ಟ್ ಔಷಧಿಯನ್ನು ಹೊರಹಾಕುವುದು ಕಿಡ್ನಿ, ಅದು ಸರಿಯಿರಬೇಕು. ಅಲರ್ಜಿ ಇದೆಯಾ ಅಂತಲೂ ಕೇಳಿದರು. ‘ಮೈಯೆಲ್ಲ ಬಿಸಿಯಾಗುತ್ತೆ, ಉಚ್ಚೆ ಹೋದ ಹಾಗೆ ಅನ್ನಿಸುತ್ತೆ, ಹೋಗಿರಲ್ಲ, ಗಾಬರಿಯಾಗ್ಬೇಡಿ’ ಅಂದಳು ಟೆಕ್ನಿಷಿಯನ್ ಹುಡುಗಿ. ಹೊರಗೆ ಬಂದ ಅಪ್ಪ ಮೊದಲು ಮಾಡಿದ ಕೆಲಸ ಪಂಚೆ ಮುಟ್ಟಿ ನೋಡಿಕೊಂಡದ್ದು.

ಮೂರು ಸಲದ ಗುಟ್ಟು ತಿಳಿದದ್ದು ರೇಡಿಯಾಲಜಿಸ್ಟ್ ಮಾನಿಟರ್ ಮುಂದೆ ಕೂರಿಸಿದಾಗ. ಲಿವರ್‌ಗೆ ರಕ್ತ ಎರಡು ದಾರಿಯಿಂದ ಬರುತ್ತದೆ. ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ಅಭಿಧಮನಿಯಲ್ಲಿ, ಕಾಲು ಭಾಗ ಹೃದಯದ ಕಡೆಯಿಂದ ಅಪಧಮನಿಯಲ್ಲಿ. ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್ ಗಡ್ಡೆ ಹೆಚ್ಚಾಗಿ ಅಪಧಮನಿಯ ರಕ್ತವನ್ನೇ ಹೀರುತ್ತದೆ. ಅಪ್ಪ ಥಟ್ಟನೆ, ‘ಅಂದ್ರೆ ಡಾಕ್ಟ್ರೇ, ತೋಟಕ್ಕೆ ಭದ್ರಾ ನಾಲೆ ನೀರೂ ಬರುತ್ತೆ, ಬೋರಿನ ನೀರೂ ಬರುತ್ತೆ. ಇದು ಬೋರಿನ ಪೈಪಿಗೇ ಕಳ್ಳ ಕನೆಕ್ಷನ್ ಹಾಕ್ಕೊಂಡಿದೆ ಅನ್ನಿ’ ಅಂದರು. ‘ಅಷ್ಟೇ ಯಜಮಾನ್ರೇ’ ಅಂದರು ಡಾಕ್ಟರು.

ಔಷಧಿ ಬಿಟ್ಟ ಸುಮಾರು 35 ಸೆಕೆಂಡಿಗೆ ಅದು ಅಪಧಮನಿಯಲ್ಲಿರುತ್ತದೆ. ಆಗ ತೆಗೆದ ಚಿತ್ರದಲ್ಲಿ ಲಿವರ್ ಇನ್ನೂ ಮಂಕು, ಅಪ್ಪನ ಗಂಟು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಸುಮಾರು 70 ಸೆಕೆಂಡಿಗೆ ಔಷಧಿ ಕರುಳು ಸುತ್ತಿ ಪೋರ್ಟಲ್ ದಾರಿಯಲ್ಲಿ ಬಂದು ಇಡೀ ಲಿವರ್ ಬೆಳಗುತ್ತದೆ. ಮತ್ತೆ ಮೂರರಿಂದ ಐದು ನಿಮಿಷಕ್ಕೆ ಕೊನೆಯ ಚಿತ್ರ. ಅಷ್ಟರಲ್ಲಿ ಗಂಟಿನಿಂದ ಔಷಧಿ ಜಾರಿಹೋಗಿ, ಬೆಳ್ಳಗಿನ ಲಿವರ್ ನಡುವೆ ಅದೇ ಕಪ್ಪು ಚುಕ್ಕೆ. ಹೆಪಟೈಟಿಸ್ ಬಿ ಅಥವಾ ಸಿರೋಸಿಸ್ ಇರುವವರಲ್ಲಿ ಈ ಎರಡು ಗುರುತೂ ಸ್ಪಷ್ಟವಾಗಿದ್ದರೆ ಎಷ್ಟೋ ಸಲ ಬಯಾಪ್ಸಿಯೇ ಬೇಡವಂತೆ. ನಿರುಪದ್ರವಿ ಹೆಮಾಂಜಿಯೋಮಾ ಆಗಿದ್ದರೆ ಔಷಧಿ ಅಂಚಿನಿಂದ ಶುರುವಾಗಿ ನಿಧಾನಕ್ಕೆ ಒಳಗೆ ತುಂಬಿಕೊಳ್ಳುತ್ತಿತ್ತು. ನಾನು ಮೂರನೇ ಚಿತ್ರವನ್ನು ಸುಮ್ಮನೆ ನೋಡುತ್ತಲೇ ಇದ್ದೆ, ಈಗಲಾದರೂ ತುಂಬಲಿ ಅಂತ.

ಒಂದೇ ಚಿತ್ರ ತೆಗೆದಿದ್ದರೆ ಇದು ಹೇಗೆ ತಿಳಿಯುತ್ತಿತ್ತು? ಮೂರು ಸಲ ಅಂದರೆ ವಿಕಿರಣವೂ ಹೆಚ್ಚು, ಹಾಗಾಗಿ ಸುಮ್ಮಸುಮ್ಮನೆ ಮಾಡಿಸುವ ಪರೀಕ್ಷೆಯಲ್ಲ ಇದು. ತಮ್ಮನಿಗೆ ರಾತ್ರಿ ಇದನ್ನೆಲ್ಲ ವಿವರಿಸಿದೆ. ಅವನು ಬಿಲ್ಲಿನ ಮಾತೆತ್ತಲಿಲ್ಲ.

ಗಂಟು ಚಿಕ್ಕದು, ಒಂದೇ. ಹೊಟ್ಟೆ ಕೊಯ್ಯದೆ, ಸೂಜಿ ಇಳಿಸಿ ಬಿಸಿಯಿಂದ ಸುಟ್ಟರು. ಅಪ್ಪ ಈಗ ತೋಟದಲ್ಲಿದ್ದಾರೆ. ತಿಂಗಳ ನಂತರದ ಸಿಟಿಯಲ್ಲಿ ಆ ಜಾಗ ಹೊಳೆಯಲಿಲ್ಲ. ಮುಂದಿನದು ಮೂರು ತಿಂಗಳಿಗೆ. ನನ್ನ ಫೋನಿನಲ್ಲೂ ತಮ್ಮನ ಫೋನಿನಲ್ಲೂ ರಿಮೈಂಡರ್ ಇದೆ.

ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಹತ್ತು ವರ್ಷದ ಹಿಂದೆಯೇ ಹೇಳಿದ್ದರು. ಈಗ ಮಾಡಿಸಿದೆವು. ಅಮ್ಮನದು, ನನ್ನದು ನೆಗೆಟಿವ್. ಲಸಿಕೆಯ ಮೊದಲ ಡೋಸ್ ಆಯಿತು, ಇನ್ನೆರಡು ಬಾಕಿ. ತಮ್ಮನ ರಿಪೋರ್ಟ್ ಇನ್ನೂ ಬಂದಿಲ್ಲ. ನಿನ್ನೆ ರಾತ್ರಿ ಎರಡು ಸಲ ಫೋನ್ ಮಾಡಿದ್ದ. ಕಾಲೇಜಿನ ದಿನಗಳಲ್ಲಿ ಅಪ್ಪನ ರೇಜರ್ ಕದ್ದು ಗಡ್ಡ ಬೋಳಿಸುತ್ತಿದ್ದದ್ದು ನೆನಪಿದೆಯಾ ಅಂತ ಕೇಳಿದ. ನೆನಪಿದೆ ಕಣೋ ಅಂದೆ.